ಅರಳೆಯಲ್ಲಿ ಸಿಕ್ಕ ಮೂರು ಎಳೆ

ನಾನು ಹುಟ್ಟಾ ಅಂಜುಬುರುಕ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಈಗ ಗಾಡಿ ರಿಪೇರಿಗೆಂದು ಪಾನಾ ಹಿಡಿಯಲು ಹೊರಟ ಹುಡುಗರು ಮನೆಗೆ ಬಂದು, "ಅಜ್ಜಾರ, ಇಷ್ಟು ವರ್ಷ ಹೆಂಗ ಧೈರ್ಯ ಮಾಡಿದ್ರಿ?" ಎಂದು ಕೇಳುತ್ತಾರೆ. ಧೈರ್ಯ ಎಲ್ಲಿಂದ ಬರಬೇಕು. ರಿಪೇರಿಯಾದ ಗಾಡಿ ಶೆಡ್ಡಿನಿಂದ ಹೊರಬಿದ್ದರೆ ಅದರ ಸದ್ದು ಕೇಳಿಸುವಷ್ಟು ದೂರಕ್ಕೂ ಕಿವಿಗೊಟ್ಟು ನಿಂತಿರುತ್ತಿದ್ದೆ. ಊಟಕ್ಕೆ ಕೂತರೆ ಆ ನಟ್ಟು ಬಿಗಿ ಮಾಡಿದೆನೋ ಇಲ್ಲವೋ ಎಂಬ ಯೋಚನೆ. "ರೊಟ್ಟಿ ಮುರಿಯಾಕತ್ತಿಲ್ಲ ನೀವು, ಬೋಲ್ಟ್ ತಿರುವಾಕತ್ತೀರಿ" ಎಂದು ಹೆಂಡತಿ ನಗುತ್ತಿದ್ದಳು. ಹರಪನಹಳ್ಳಿಯ ಶೆಡ್ ಮುಚ್ಚಿ, ಪಾನಾಗಳನ್ನೆಲ್ಲ ತಂಗಿಯ ಮಗನಿಗೆ ಕೊಟ್ಟಾಯಿತು. ಅಂಜಿಕೆಯನ್ನು ಮಾತ್ರ ಯಾರೂ ತೆಗೆದುಕೊಂಡು ಹೋಗಲಿಲ್ಲ.

ಎಂಜಿನ್ ಬಿಚ್ಚಿ ಕಟ್ಟಿದ ದೊಡ್ಡ ದೊಡ್ಡ ಕಥೆ ಹೇಳುವವರು ಬಹಳ ಜನ ಇದ್ದಾರೆ. ನಾನು ಹೇಳಬೇಕೆಂದಿರುವುದು ಒಂದು ಸಣ್ಣ ಕಾಯಿಲೆಯ ಮಾತು. ಎಡಗೈಯ ಕ್ಲಚ್ ಹಿಡಿಕೆ ಬಿಗಿಯಾಗುವುದು. ಎಪ್ಪತ್ತರ ದಶಕದಲ್ಲಿ ನಮ್ಮ ಕಡೆ ಓಡುತ್ತಿದ್ದುದು ಫಟಫಟಿ ಎಂದು ಕರೆಯುವ ದಪ್ಪನೆಯ ಮೋಟಾರ್ ಸೈಕಲ್ಲುಗಳು. ಹೊಸದಿದ್ದಾಗಲೇ ಅವುಗಳ ಹಿಡಿಕೆ ಒತ್ತಲು ಮುಂಗೈಯಲ್ಲಿ ಬಲ ಬೇಕಿತ್ತು. ಕೂಡ್ಲಿಗಿ ರಸ್ತೆಯ ಧೂಳು ಒಂದು ಬೇಸಿಗೆ ತಿಂದರೆ ಸಾಕು, ಪೈಲ್ವಾನನೂ ಎರಡು ಕೈ ಹಾಕಬೇಕಾಗುತ್ತಿತ್ತು.

ನಾನು ಕೆಲಸ ಕಲಿತದ್ದು ಕೊಟ್ಟೂರಿನಲ್ಲಿ, ಇಮಾಮ್‌ಸಾಬ್ ಎಂಬ ಉಸ್ತಾದರ ಕೈಕೆಳಗೆ. ಮಾತು ಕಡಿಮೆ, ಕಣ್ಣು ಚುರುಕು. ಹಿಡಿಕೆ ಬಿಗಿ ಎಂದು ಯಾರಾದರೂ ಬಂದರೆ ಅವರು ಹಿಡಿಕೆಯನ್ನು ಮುಟ್ಟುತ್ತಲೇ ಇರಲಿಲ್ಲ. ಮೊದಲು ಕೆಳಗೆ ಗೇರ್‌ಬಾಕ್ಸಿನ ಹತ್ತಿರ ಕ್ಲಚ್ ತಂತಿಯ ತುದಿ ಬಿಡಿಸುತ್ತಿದ್ದರು. "ಈಗ ಒತ್ತು" ಎನ್ನುತ್ತಿದ್ದರು. ಹಿಡಿಕೆ ಹಗುರಾದರೆ ತಪ್ಪು ಕ್ಲಚ್ಚಿನೊಳಗೆ. ತುದಿ ಬಿಡಿಸಿದ ಮೇಲೂ ಬಿಗಿಯೇ ಇದ್ದರೆ ತಪ್ಪು ತಂತಿಯಲ್ಲಿ. ತಪ್ಪು ತಂತಿಯಲ್ಲಿದ್ದರೆ ಅದನ್ನು ಮೇಲುಹೊದಿಕೆಯ ಕೊಳವೆಯಿಂದ ಪೂರ್ತಿ ಎಳೆದು, ಒಂದು ಉಂಡೆ ಅರಳೆಯನ್ನು ಬೆರಳ ಸಂದಿಯಲ್ಲಿ ಹಿಡಿದು ತಂತಿಯ ಉದ್ದಕ್ಕೂ ಸವರುತ್ತಿದ್ದರು. ನಮ್ಮ ಕಡೆ ಅರಳೆಗೆ ಏನು ಬರ. ಅರಳೆ ಎಲ್ಲಾದರೂ ಸಿಕ್ಕಿಕೊಂಡಿತೋ, ಅಲ್ಲಿ ಎಳೆ ಕಿತ್ತಿದೆ ಎಂದರ್ಥ. ಆ ತಂತಿಗೆ ಎಣ್ಣೆ ಹಾಕುವುದಿಲ್ಲ, ಬಿಸಾಕುವುದು. ಒಟ್ಟು ಅರ್ಧ ಗಂಟೆಯ ಕೆಲಸ.

ನನ್ನ ಮೊದಲನೆಯ ದಡ್ಡತನ ಅಲ್ಲೇ ಆಯಿತು. ಉಸ್ತಾದರು ಊರಲ್ಲಿಲ್ಲದ ದಿನ ಕೂಡ್ಲಿಗಿಯ ಕಂಪೌಂಡರ್ ಒಬ್ಬರು ಬಂದರು. ಶೆಡ್ಡಿನಲ್ಲಿ ಎಣ್ಣೆ ತೀರಿತ್ತು. ನಮ್ಮ ಮನೆಯ ಎತ್ತಿನ ಗಾಡಿಗೆ ಹಾಕುವ ಕೀಲೆಣ್ಣೆ ನೆನಪಾಯಿತು. ಅಷ್ಟು ಭಾರದ ಬಂಡಿಯ ಅಚ್ಚಿಗೆ ಆಗುವುದು ಇಷ್ಟು ಸಣ್ಣ ತಂತಿಗೆ ಆಗುವುದಿಲ್ಲವೇ ಎಂದುಕೊಂಡು ಧಾರಾಳವಾಗಿ ಸುರಿದೆ. ಮೂರು ದಿನ ಹಿಡಿಕೆ ಬೆಣ್ಣೆಯಂತಿತ್ತಂತೆ. ಆಮೇಲೆ ಧೂಳು ಕೂಡಿ ಒಳಗೆಲ್ಲ ಅಂಟಾಯಿತು. ಕಂಪೌಂಡರ್ ಮುಂಗೈಗೆ ತಾವೇ ಪಟ್ಟಿ ಕಟ್ಟಿಕೊಂಡು ಬಂದರು. ಉಸ್ತಾದರು ನನ್ನನ್ನು ಬೈಯಲಿಲ್ಲ. ಅದೇ ಗಾಡಿಯ ಮೇಲೆ ಕೂರಿಸಿ, "ನಾನು ಸಾಕು ಅನ್ನೋತನ ಒತ್ತು" ಎಂದರು. ಎದುರಿಗೇ ಕೂತು ಒಂದು ಚಹಾ ಕುಡಿದರು, ಇನ್ನೊಂದು ಚಹಾ ತರಿಸಿದರು. ಆವತ್ತು ಎಡಗೈಯಲ್ಲಿ ನೀರಿನ ಚೊಂಬೂ ಎತ್ತಲಾಗಲಿಲ್ಲ.

ಇನ್ನೊಬ್ಬರು ಹೂವಿನಹಡಗಲಿಯ ಮಲ್ಲಿಗೆ ವ್ಯಾಪಾರಿ. ಹಿಡಿಕೆ ಕಲ್ಲಾಗಿದೆ ಎಂದು ಮೂರು ಸಲ ಬಂದರು. ಮೂರು ಸಲವೂ ನಾವು ನೋಡಿದಾಗ ಹಿಡಿಕೆ ಸರಿಯಾಗಿಯೇ ಇತ್ತು. ಆ ಮನುಷ್ಯನಿಗೆ ನಾವೇ ಏನೋ ಮುಚ್ಚಿಡುತ್ತಿದ್ದೇವೆಂಬ ಗುಮಾನಿ. ನಾಲ್ಕನೇ ಸಲ ಉಸ್ತಾದರು, "ಖಾಲಿ ಬರಬ್ಯಾಡ್ರಿ, ಹೂವು ಹೇರಿಕೊಂಡು ಬರ್ರಿ" ಎಂದರು. ಹೇರಿಕೊಂಡು ಬಂದರು. ಹೂಬುಟ್ಟಿ ಅಲುಗದಂತೆ ಹಗ್ಗವನ್ನು ಮುಂದಿನವರೆಗೂ ತಂದು ಕಟ್ಟಿದ್ದರು, ಆ ಹಗ್ಗ ಕ್ಲಚ್ಚಿನ ಕೊಳವೆಯನ್ನು ಮಡಿಸಿ ಹಿಡಿದಿತ್ತು. ಗಾಡಿ ನಮ್ಮ ಮುಂದೆ ಹೇಗೆ ನಿಂತಿದೆ ಎನ್ನುವುದಕ್ಕಿಂತ ಹೊರಗೆ ಹೇಗೆ ಹೋಗುತ್ತದೆ ಎನ್ನುವುದನ್ನು ನೋಡಬೇಕು ಎಂದು ಉಸ್ತಾದರು ಹೇಳಿಕೊಟ್ಟರು. ನಾನು ತಲೆಯಾಡಿಸಿದೆ. ಪೂರ್ತಿ ತಲೆಗೆ ಹೋಗಿರಲಿಲ್ಲ ಎಂದು ಎಂಬತ್ತರ ಸುಮಾರಿಗೆ, ಹರಪನಹಳ್ಳಿಯಲ್ಲಿ ಸ್ವಂತ ಶೆಡ್ ಹಾಕಿದ ಮೇಲೆ ಗೊತ್ತಾಯಿತು.

ಆವತ್ತು ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವಷ್ಟರಲ್ಲಿ ದುರುಗಪ್ಪ ಮೇಷ್ಟ್ರು ಬಂದು ನಿಂತಿದ್ದರು. ಪಕ್ಕದ ಹಳ್ಳಿಯ ಶಾಲೆಯ ಮೇಷ್ಟ್ರು, ನನಗಿಂತ ಏಳೆಂಟು ವರ್ಷ ದೊಡ್ಡವರು. ಅವರ ಓಣಿಯಲ್ಲಿ ಮೊದಲು ಸಂಬಳದ ನೌಕರಿ ಹಿಡಿದವರು ಅವರೇ. ಆರು ತಿಂಗಳ ಹಿಂದೆ ಯಾರದೋ ಹಳೆಯ ಫಟಫಟಿ ಕೊಂಡಿದ್ದರು. ಹಿಂದಿನ ಸೀಟಿನಲ್ಲಿ ಅವರ ತಂಗಿ ಶಾಂತಮ್ಮ, ಹೊಸ ಸೀರೆ ಉಟ್ಟು, ಬಟ್ಟೆಯ ಚೀಲವೊಂದನ್ನು ಎದೆಗೆ ಅವಚಿಕೊಂಡು ಕೂತಿದ್ದಳು.

"ಕೊಟ್ರೇಶ, ಹಿಡಿಕಿ ಕಲ್ಲಾಗೈತಿ ನೋಡೋ. ಮನಿಯಿಂದ ಇಲ್ಲಿಗೆ ಬರಾದ್ರಾಗ ಕೈ ಸೋತು ಹೋತು. ಜಲ್ದಿ ಆಗ್ತೈತೇನು?" ಎಂದರು.

"ದೂರ ಹೊಂಟೀರೇನ್ರಿ ಮೇಷ್ಟ್ರ?"

"ಹ್ಞೂಂ, ಸ್ವಲ್ಪ ದೂರ."

ಮಾತು ಅಲ್ಲಿಗೇ ನಿಂತಿತು. ಈಗಿನವರಿಗೆ ಇದು ವಿಚಿತ್ರ ಅನ್ನಿಸಬಹುದು. ಹೊರಟವರನ್ನು "ಎಲ್ಲಿಗೆ" ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಆಗುವುದಿಲ್ಲ ಎಂದು ನಮ್ಮವ್ವ ನನಗೆ ಮಾತು ಬರುವ ಮೊದಲೇ ಕಲಿಸಿದ್ದಳು. "ದೂರವೇ" ಎಂದಷ್ಟೇ ಕೇಳಬೇಕು. ಹೊಸ ಸೀರೆ, ಹಣೆಯ ಮೇಲೆ ಕುಂಕುಮ, ಎದೆಗೊತ್ತಿದ ಚೀಲ, ಇವನ್ನೆಲ್ಲ ನೋಡಿದ ಮೇಲೆ ನನ್ನ ನಾಲಿಗೆ ಇನ್ನೂ ಮಡಚಿಕೊಂಡಿತು. ಒಳ್ಳೆಯ ಕೆಲಸಕ್ಕೆ ಹೊರಟಿದ್ದಾರೆ, ಬೇಗ ಕಳಿಸಬೇಕು ಎಂಬುದೊಂದೇ ತಲೆಯಲ್ಲಿತ್ತು.

ಬೇಗ ಕಳಿಸಿದೆ. ಕೆಳಗಿನ ತುದಿ ಬಿಡಿಸಲಿಲ್ಲ, ತಂತಿ ಎಳೆಯಲಿಲ್ಲ. ಹಿಡಿಕೆಯ ಹತ್ತಿರದ ತುದಿಯನ್ನಷ್ಟೇ ಬಿಚ್ಚಿ, ಕೊಳೆಯನ್ನು ಅರಳೆಯಿಂದ ಒರೆಸಿದೆ. ಕಾಗದದ ಆಲಿಕೆ ಮಾಡಿ ಕೊಳವೆಗೆ ಎಣ್ಣೆ ಇಳಿಸಿದೆ, ಹಿಡಿಕೆಯ ಕೀಲಿಗೂ ಒಂದು ಹನಿ ಬಿಟ್ಟೆ. ಇಪ್ಪತ್ತು ಸಲ ಒತ್ತಿದೆ. ಹಗುರಾಯಿತು.

"ಹೂವಾತು ನೋಡು" ಎಂದು ಮೇಷ್ಟ್ರು ಖುಷಿಯಾಗಿ ಕಿಕ್ ಹೊಡೆದರು.

ಗಾಡಿ ಹೊರಟಿತು. ಎಂದಿನಂತೆ ಕಿವಿಗೊಟ್ಟು ನಿಂತು, ಬಿಸಾಕಲೆಂದು ಅರಳೆಯ ಉಂಡೆ ಎತ್ತಿಕೊಂಡೆ. ಬೆರಳಿಗೆ ಚುಚ್ಚಿತು. ಬಿಡಿಸಿ ನೋಡಿದೆ. ಕೂದಲಿನಷ್ಟು ಸಣ್ಣ ಉಕ್ಕಿನ ಎಳೆ, ಒಂದಲ್ಲ, ಮೂರು.

ತಂತಿಯ ಎಳೆಗಳು ಒಂದೊಂದೇ ಕಿತ್ತು ಕೊಳವೆಗೆ ಗೀರುತ್ತಿದ್ದುದರಿಂದಲೇ ಹಿಡಿಕೆ ಬಿಗಿಯಾಗಿತ್ತು. ಬಿಗಿ ಇದ್ದಷ್ಟು ಹೊತ್ತು ಮೇಷ್ಟ್ರು ಅನುಮಾನದಿಂದ ಹುಷಾರಾಗಿಯಾದರೂ ಓಡಿಸುತ್ತಿದ್ದರು. ನಾನು ಎಣ್ಣೆ ಬಿಟ್ಟು ಆ ಅನುಮಾನವನ್ನೂ ತೆಗೆದು ಕಳಿಸಿದ್ದೆ. ಉಳಿದ ಎಳೆಗಳು ಎಷ್ಟೋ, ಯಾವಾಗ ಹರಿಯುತ್ತವೋ ಯಾರಿಗೆ ಗೊತ್ತು.

ಅವರು ಇನ್ನೂ ಬೇವಿನ ಮರದ ತಿರುವಿನ ಈಚೆಗೇ ಇದ್ದರು. ಕೂಗಿದ್ದರೆ ಶಾಂತಮ್ಮನಿಗಾದರೂ ಕೇಳಿಸುತ್ತಿತ್ತು. ಬಾಯಿ ತೆರೆದೆ. ಒಳ್ಳೆಯ ಕೆಲಸಕ್ಕೆ ಹೊರಟವರನ್ನು ಹಿಂದಿನಿಂದ ಕೂಗುವುದೇ? ಎಲ್ಲಿಗೆ ಎಂದು ಕೇಳುವುದಕ್ಕಿಂತ ದೊಡ್ಡ ಅಪಶಕುನ ಅದು. ತೆರೆದ ಬಾಯಿ ಹಾಗೇ ಮುಚ್ಚಿತು. ಗಾಡಿ ತಿರುವು ದಾಟಿತು. ಇದನ್ನು ಬರೆಯುವಾಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆಮೇಲೆ ಶುರುವಾಯಿತು ಲೆಕ್ಕಾಚಾರ. ಹರಿದರೂ ದಾರಿಯಲ್ಲಿ ಗಾಡಿ ನಿಲ್ಲುತ್ತದೆ, ಅಷ್ಟೇ ತಾನೆ? ಗೇರಿನಲ್ಲಿದ್ದಾಗ ಹರಿದರೆ? ಜನರ ನಡುವೆ ನಿಂತಾಗ ಹರಿದು ಮುಂದಕ್ಕೆ ನೆಗೆದರೆ? ಮೇಷ್ಟ್ರು ಕಲಿತು ಆರು ತಿಂಗಳೂ ಆಗಿಲ್ಲ. ಅರ್ಧ ಗಂಟೆ ಹೀಗೇ ಕೂತೆ. ಕೈಯಲ್ಲಿ ಹಿಡಿದ ಕೆಲಸ ಸಾಗಲಿಲ್ಲ. ಕೊನೆಗೆ ಕಪಾಟಿನಿಂದ ಹೊಸ ತಂತಿ ತೆಗೆದು ಜೇಬಿಗೆ ಹಾಕಿಕೊಂಡೆ. ರಿಪೇರಿ ಮುಗಿದು ನಿಂತಿದ್ದ ಒಬ್ಬ ಗಿರಾಕಿಯ ಗಾಡಿ ಹತ್ತಿದೆ. ಗಿರಾಕಿಯ ಗಾಡಿಯನ್ನು ಒಂದು ಫರ್ಲಾಂಗಿಗಿಂತ ಆಚೆ ಓಡಿಸಬಾರದು ಎಂದು ಉಸ್ತಾದರ ಕಟ್ಟಪ್ಪಣೆ. ಅದನ್ನು ಮುರಿದದ್ದು ಆವತ್ತೊಂದೇ ದಿನ.

ಹತ್ತಿದ್ದೇನೋ ಸರಿ, ಯಾವ ದಾರಿ? ಪೆಟ್ರೋಲ್ ಬಂಕಿಗೆ ಹೋಗಿ, ಮೇಷ್ಟ್ರು ಬಂದಿದ್ದರೇ ಎಂದು ಕೇಳಿದೆ. ಬಂಕಿನವನು, "ಬಂದಿದ್ರಪ, ಪೆಟ್ರೋಲ್ ಹಾಕಿಸ್ಕೊಂಡು ಹೋದ್ರು" ಎಂದ.

"ಎಲ್ಲಿಗೆ ಹೋದ್ರು?"

"ಹೊಂಟೋರ್ನ ಎಲ್ಲಿಗೆ ಅಂತ ಕೇಳ್ತಾರೇನೋ? ನಿಮ್ಮವ್ವ ನಿನಗ ಹೇಳಿಲ್ಲೇನು?"

ನಮ್ಮವ್ವ ಹೇಳಿದ್ದಕ್ಕೇ ಇಷ್ಟೆಲ್ಲ ಆಗಿತ್ತು. ಗಾಡಿ ತಿರುಗಿಸಿ ಮೇಷ್ಟ್ರ ಮನೆಗೆ ಹೋದೆ. ಅವರ ತಾಯಿ ಹುಲಿಗೆವ್ವ ಬಾಗಿಲಲ್ಲೇ ಕೂತಿದ್ದಳು. ಒಳಗೆ ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಮಲ್ಲಿಗೆಯ ದಂಡೆ, ಊದುಬತ್ತಿಯ ವಾಸನೆ ಇನ್ನೂ ಇತ್ತು. ನನ್ನನ್ನು ನೋಡಿ ನಕ್ಕಳು.

"ಮೇಷ್ಟ್ರು ಎಲ್ಲಿಗೆ ಹೋಗ್ಯಾರವ್ವಾ? ಒಂದು ಸಾಮಾನು ಕೊಡಾದು ಮರತಿದ್ದೆ" ಎಂದೆ.

"ಬರ್ತಾರ ತಗ, ನಾಳೆ ಕೊಡುವಂತಿ."

"ಇವತ್ತೇ ಬೇಕಿತ್ತವ್ವಾ."

"ಕೆಲ್ಸ ಆಗಾತನ ಯಾರ ಮುಂದೂ ಬಾಯಿ ಬಿಡಬಾರ್ದಪ್ಪ. ಆದ ಮ್ಯಾಲೆ ನಿನಗೇ ಮೊದ್ಲು ಸಕ್ಕರಿ ಕೊಡ್ತೀನಿ."

ಎರಡು ಸಲ ಸುತ್ತಿ ಬಳಸಿ ಕೇಳಿದೆ. ಮುದುಕಿ ಜಗ್ಗಲಿಲ್ಲ. ಬಿಸಿಲು ಏರುತ್ತಿತ್ತು. ನಾನು ಅವಳ ಕಾಲ ಹತ್ತಿರ ಕುಕ್ಕರಗಾಲಲ್ಲಿ ಕೂತು, ಅರಳೆ ಬಿಡಿಸಿ ಆ ಮೂರು ಎಳೆ ತೋರಿಸಿದೆ.

"ಅವ್ವಾ, ನಾನು ತಪ್ಪು ಮಾಡೀನಿ. ಗಾಡಿ ಸರಿ ನೋಡಲಿಲ್ಲ. ತಂತಿ ಹರಿತಾ ಐತಿ."

ಅವಳ ಮುಖದ ನಗು ಹೇಗೆ ಹೋಯಿತು ಎಂದು ಬರೆಯಲಾರೆ. ಎಳೆಯನ್ನೊಮ್ಮೆ ನನ್ನನ್ನೊಮ್ಮೆ ನೋಡಿದಳು.

"ಹಲವಾಗಲು ಹೊಳಿಗೆ ಹೋಗ್ಯಾರ. ಆ ದಂಡಿಗೆ ದಾಟಬೇಕು. ಶಾಂತಿಗೆ ನರ್ಸ್ ಕಲಿಯಾಕ ಕಾಗದ ಬಂದೈತಿ, ಇವತ್ತು ಸಂಜಿ ಒಳಗ ಹಾಜರಾಗಬೇಕು, ಇಲ್ಲಂದ್ರ ಇಲ್ಲ" ಎಂದಳು. ಆಮೇಲೆ, "ಹೋಗು. ನನ್ನ ಮಾರಿ ನೋಡ್ಕೊಂತ ಕುಂದ್ರಬ್ಯಾಡ" ಎಂದಳು.

ಹೊಳೆ ಎಂದ ಕೂಡಲೇ ಎದ್ದು ಗಾಡಿಯ ಕಡೆ ಓಡಿದೆ. ದೋಣಿಯಲ್ಲಿ ಹೊಳೆ ದಾಟುವ ಆ ಕಡವಿನ ರೂಢಿ ನನಗೆ ಗೊತ್ತಿತ್ತು. ದಪ್ಪ ಫಟಫಟಿಯನ್ನು ಮರಳಿನಲ್ಲಿ ತಳ್ಳಿ ದೋಣಿಗೆ ಹತ್ತಿಸುವುದು ಕಷ್ಟ. ಎಂಜಿನ್ ಚಾಲೂ ಇಟ್ಟು, ಒಂದನೇ ಗೇರಿನಲ್ಲಿ ಅರ್ಧ ಕ್ಲಚ್ ಹಿಡಿದು, ಪಕ್ಕದಲ್ಲೇ ನಡೆಯುತ್ತ ಹಲಗೆಯ ಮೇಲೆ ಏರಿಸುತ್ತಾರೆ. ದೋಣಿಯಲ್ಲಿ ಜನ ಮೊದಲೇ ಕೂತಿರುತ್ತಾರೆ. ಅರ್ಧ ಹಲಗೆಯಲ್ಲಿ ತಂತಿ ಹರಿದರೆ ಗಾಡಿ ನಿಲ್ಲುವುದಿಲ್ಲ, ಕೂತವರ ಮೇಲೆ ನೆಗೆಯುತ್ತದೆ. ಆ ಜನರ ನಡುವೆ ಶಾಂತಮ್ಮ ಇರುತ್ತಾಳೆ.

ಹಲವಾಗಲು ದಾರಿ ಅದೆಷ್ಟು ಉದ್ದವಿತ್ತೋ. ದೂರದಲ್ಲಿ ಧೂಳು ಕಂಡರೆ ಅವರದೇ ಎಂದು ಆಸೆಪಡುವುದು, ಹತ್ತಿರ ಹೋದರೆ ಬಂಡಿ ಇಲ್ಲವೇ ಲಾರಿ. ತಂತಿ ದಾರಿಯಲ್ಲೇ ಹರಿದುಹೋಗಲಿ, ಎಲ್ಲೋ ಮರದ ನೆರಳಲ್ಲಿ ನನ್ನನ್ನು ಬೈಯುತ್ತ ಕೂತಿರಲಿ ಎಂದು ಬೇಡಿಕೊಂಡೆ. ಯಾವ ಮರದ ಕೆಳಗೂ ಅವರಿರಲಿಲ್ಲ.

ದಂಡೆಯ ಮೇಲೆ ಗಾಡಿ ನಿಲ್ಲಿಸಿ ಕೆಳಗೆ ನೋಡಿದೆ. ಆಚೆಗೆ ಹೋಗಿದ್ದ ದೋಣಿ ಸ್ವಲ್ಪ ಹೊತ್ತಿನ ಹಿಂದಷ್ಟೇ ತಿರುಗಿ ಬಂದಿತ್ತು, ಅದಕ್ಕೇ ಅವರಿನ್ನೂ ಈಚೆಗಿದ್ದರು. ಜನ ಹತ್ತಿ ಕೂತಿದ್ದರು. ಮುಂದುಗಡೆ, ಹಲಗೆಯ ಎದುರಿಗೇ, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಶಾಂತಮ್ಮ. ಮೇಷ್ಟ್ರು ಎಂಜಿನ್ ಚಾಲೂ ಮಾಡಿ, ಹಿಡಿಕೆ ಒತ್ತಿ ಹಿಡಿದು, ಮುಂದಿನ ಗಾಲಿಯನ್ನು ಹಲಗೆಗೆ ಸರಿಯಾಗಿ ಕೂರಿಸುತ್ತಿದ್ದರು. ಮೇಷ್ಟ್ರನ್ನು ಕೂಗಿದರೆ ಬೆಚ್ಚಿ ಹಿಡಿಕೆ ಬಿಟ್ಟಾರು ಎಂದು ಹೆದರಿಕೆ. ಮರಳಿನಲ್ಲಿ ಬೀಳುತ್ತ ಏಳುತ್ತ ಓಡಿದೆ, ಓಡುತ್ತಲೇ ಇದ್ದಷ್ಟು ದನಿ ಎತ್ತಿ ಕೂಗಿದೆ.

"ಶಾಂತಮ್ಮಾ, ದೋಣಿ ಇಳಿ. ಅಣ್ಣಗ ಗಾಡಿ ಬಂದ್ ಮಾಡು ಅನ್ನು."

ಅವಳು ತಲೆ ಎತ್ತಿದಳು. ನನ್ನನ್ನು ಗುರುತಿಸಿ, ಎದ್ದು ನಿಂತು ಅಣ್ಣನ ಕಡೆ ಅಂಗೈ ತೋರಿದಳು. ಮೇಷ್ಟ್ರು ಗೇರು ಬಿಡಿಸಿ ಎಂಜಿನ್ ಬಂದ್ ಮಾಡಿದರು. ನಾನು ಹೋಗಿ ಗಾಡಿಯನ್ನು ತಬ್ಬಿಕೊಂಡಂತೆ ನಿಂತೆ. ಉಸಿರು ಬರಲು ಎಷ್ಟೋ ಹೊತ್ತಾಯಿತು.

"ಏನಾತೋ? ಅವ್ವಗ ಏನಾರ ಆತೇನು?" ಎಂದು ಮೇಷ್ಟ್ರು ಕೇಳಿದರು.

ಅರಳೆ ತೋರಿಸಿದೆ. ಅವರಿಗೆ ಅರ್ಥವಾಗಲಿಲ್ಲ. "ಹಗುರ ಐತಲ್ಲೋ" ಎಂದು ಹಿಡಿಕೆ ಒತ್ತಿದರು. ಒತ್ತಿದರು, ಬಿಟ್ಟರು. ಇನ್ನೊಮ್ಮೆ ಒತ್ತಿದರು. ಮೂರನೆಯ ಸಲಕ್ಕೆ ಟಪ್ ಎಂದಿತು. ಹಿಡಿಕೆ ಅವರ ಕೈಯಲ್ಲಿ ಜೀವವಿಲ್ಲದಂತೆ ಜೋತಾಡಿತು. ಮೇಷ್ಟ್ರು ಹಲಗೆ ನೋಡಿದರು, ತಂಗಿ ಕೂತಿದ್ದ ಜಾಗ ನೋಡಿದರು.

"ಅಲ್ಲೇ ಶೆಡ್ಡಿನ ಮುಂದ ಕೂಗಬೇಕಿತ್ರಿ ಮೇಷ್ಟ್ರ" ಎಂದೆ. "ಒಳ್ಳೇ ಕೆಲ್ಸಕ್ಕ ಹೊಂಟೀರಿ, ಹಿಂದಿನಿಂದ ಕೂಗಬಾರ್ದು ಅಂತ ಸುಮ್ನಾದೆ."

"ನಾನು ಶಕುನ ನಂಬ್ತೀನಿ ಅಂತ ನಿನಗ ಯಾರು ಹೇಳಿದ್ರು?" ಎಂದರು. ಬೈದದ್ದಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಹೊಸ ತಂತಿ ಹಾಕಲು ಅರ್ಧ ಗಂಟೆ ಬೇಕು ಎಂದೆ. ಅಂಬಿಗ, "ಅಲ್ಲೀತನ ಕಾಯಾಕ ಆಗಂಗಿಲ್ರಿ, ಆ ದಂಡಿ ಬಸ್ಸು ತಪ್ಪತೈತಿ ಇವರಿಗೆಲ್ಲ" ಎಂದ. ಮೇಷ್ಟ್ರು ತಂಗಿಯನ್ನು ನೋಡಿದರು. ಆ ಹುಡುಗಿ ಒಬ್ಬಳೇ ಹರಪನಹಳ್ಳಿಯ ಸಂತೆಗೂ ಹೋದವಳಲ್ಲ.

"ಅಣ್ಣಾ, ನಾನು ಹೋಗ್ತೀನಿ. ಬಸ್ಸು ಐತಲ್ಲ" ಎಂದಳು.

"ಒಬ್ಬಾಕಿ ಹೆಂಗ ಹೋಗ್ತಿ?"

"ನರ್ಸ್ ಆದ ಮ್ಯಾಲೆ ನೀನೇನು ದಿನಾ ನನ್ನ ಹಿಂದ ಬರ್ತಿಯೇನು?"

ದೋಣಿ ಬಿಟ್ಟಿತು. ಅವಳು ನಮ್ಮ ಕಡೆ ತಿರುಗಿ ನೋಡಲಿಲ್ಲ. ತಂತಿಯ ತುದಿಯ ಗುಂಡನ್ನು ಹಿಡಿಕೆಯ ಗೂಡಿಗೆ ಕೂರಿಸಲು ಹೋಗಿ ಮೂರು ಸಲ ತಪ್ಪಿದೆ, ಮೇಷ್ಟ್ರೇ ಹಿಡಿದು ಕೂರಿಸಿದರು. ಮುಂದಿನ ದೋಣಿಗೆ ಎಂಜಿನ್ ಬಂದ್ ಇಟ್ಟು, ನಾಲ್ಕು ಜನರನ್ನು ಕಾಡಿಬೇಡಿ ಗಾಡಿಯನ್ನು ಎತ್ತಿಸಿದೆ. ಹೊಸ ತಂತಿ ಹಾಕಿದ ಮೇಲೂ ಯಾಕಪ್ಪ ಇಷ್ಟು ಫಜೀತಿ ಎಂದು ಅವರು ಬೈದರು, ಬೈಸಿಕೊಂಡೆ. ಊರಿಗೆ ಬಂದ ಮೇಲೆ ನಾನು ಹತ್ತಿಕೊಂಡು ಹೋಗಿದ್ದ ಗಾಡಿಯ ಗಿರಾಕಿಯೂ ಬೈದರು.

ಹೊತ್ತು ಮುಳುಗುವ ಮೊದಲು ಹುಲಿಗೆವ್ವನ ಮನೆಗೆ ಹೋದೆ. ಅವಳು ಬೆಳಿಗ್ಗೆ ಕೂತಲ್ಲೇ ಕೂತಿದ್ದಳು. ಒಲೆ ಹೊತ್ತಿಸಿರಲಿಲ್ಲ. ಆ ಮೂರು ಎಳೆಯಲ್ಲಿ ಒಂದು, ಅರಳೆಯ ಚೂರಿನ ಸಮೇತ, ಅವಳ ಅಂಗೈಯಲ್ಲಿತ್ತು. ಗಡಿಬಿಡಿಯಲ್ಲಿ ಅದನ್ನು ಅವಳ ಹತ್ತಿರವೇ ಬಿಟ್ಟುಹೋಗಿದ್ದೆನಂತೆ.

"ಇಬ್ಬರೂ ದಾಟಿದ್ರವ್ವಾ. ಶಾಂತಮ್ಮ ಮೊದಲನೇ ದೋಣಿಗೇ ಹೋದಳು" ಎಂದೆ.

ಅವಳು ಅರಳೆಯನ್ನು ನನ್ನ ಕೈಗೆ ಕೊಟ್ಟು, "ಇನ್ಮ್ಯಾಲೆ ಕೇಳಪ್ಪ. ಎಲ್ಲಿಗೆ ಹೊಂಟೀರಿ ಅಂತ ಎಲ್ಲಾರ್ನೂ ಕೇಳು. ಕೆಟ್ಟದ್ದಾದ್ರ ಆ ಪಾಪ ನನಗಿರ್ಲಿ" ಎಂದಳು.

ಶಾಂತಮ್ಮ ನರ್ಸ್ ಶಾಲೆಯ ಕಚೇರಿ ಮುಚ್ಚುವ ಮೊದಲೇ ಮುಟ್ಟಿದ್ದಳು ಎಂದು ಮಾರನೆಯ ದಿನ ಮೇಷ್ಟ್ರು ಬಂದು ಹೇಳಿದರು. ಕೊಟ್ಟೂರಿಗೆ ಹೋಗಿ ಉಸ್ತಾದರಿಗೆ ಎಲ್ಲ ಒಪ್ಪಿಸಿದೆ. ಅವರು ಕೇಳಿದ್ದು ಒಂದೇ ಮಾತು, "ಅರಳೆ ಯಾವಾಗ ನೋಡಿದಿ?" ಮೇಷ್ಟ್ರು ಹೋದ ಮೇಲೆ ಎಂದೆ. ಚಹಾ ತರಿಸಿಕೊಟ್ಟರು, ಕುಡಿಯಲಾಗಲಿಲ್ಲ.

ಅವತ್ತಿನಿಂದ ಕೇಳುತ್ತ ಬಂದೆ. ಎಲ್ಲಿಗೆ, ಯಾವ ದಾರಿ, ಹಿಂದೆ ಯಾರು ಕೂರುತ್ತಾರೆ, ಹೊಳೆ ದಾಟುವುದಿದೆಯೇ. ಬಹಳ ಜನ ಮುಖ ಸಿಂಡರಿಸಿದರು. ಎತ್ತಿನ ವ್ಯಾಪಾರಿಯೊಬ್ಬರು ನನ್ನ ಬಾಯಿಂದಲೇ ಅವರ ವ್ಯಾಪಾರ ಕೆಟ್ಟಿತೆಂದು ಗಾಡಿಯನ್ನು ಬೇರೆ ಶೆಡ್ಡಿಗೆ ಒಯ್ದರು. ಊರಲ್ಲಿ ನನಗೆ "ಎಲ್ಲಿಗೆ ಕೊಟ್ರೇಶ" ಎಂದೇ ಹೆಸರಾಯಿತು. ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ಹಗುರದ ಹೊಸ ಗಾಡಿಗಳು ಬಂದವು. ಅವುಗಳ ಹಿಡಿಕೆ ಎರಡು ಬೆರಳಿಗೆ ಬಗ್ಗುತ್ತಿತ್ತು. ಆಮೇಲಾಮೇಲೆ ಎಣ್ಣೆಯೇ ಬೇಡದ ತಂತಿಗಳೂ ಬಂದವು. ಅರಳೆಯ ಉಂಡೆ ನೋಡಿ ಹೊಸಬರು ನಗುತ್ತಿದ್ದರು. ನಾನು ಸವರುವುದನ್ನು ಬಿಡಲಿಲ್ಲ.

ಶಾಂತಮ್ಮ ನರ್ಸಾಗಿ ನಮ್ಮ ಕಡೆಗೇ ಬಂದಳು. ಊರೂರು ತಿರುಗಲು ಒಂದು ಸಣ್ಣ ಮೊಪೆಡ್ ಇಟ್ಟುಕೊಂಡಿದ್ದಳು. ಶೆಡ್ಡಿನ ಮುಂದೆ ಹಾದು ಹೋಗುವಾಗ ಎಷ್ಟೇ ಅವಸರವಿದ್ದರೂ ನಿಲ್ಲಿಸಿ, ಅಲ್ಲಿ ಕೂತ ಜನರಿಗೆಲ್ಲ ಕೇಳಿಸುವಂತೆ, ನಾನು ಕೇಳುವ ಮೊದಲೇ ಹೇಳುತ್ತಿದ್ದಳು.

"ಅಣ್ಣಾ, ಹಂಪಸಾಗರಕ್ಕ ಹೊಂಟೀನಿ ನೋಡು."

ಆ ಗಾಡಿಗೆ ಕ್ಲಚ್ಚೇ ಇರಲಿಲ್ಲ. ಆದರೂ ನಾನು ಅರಳೆ ಹಿಡಿದು ಎದ್ದು ಹೋಗಿ, ಬ್ರೇಕಿನ ತಂತಿಯನ್ನು ನೋಡಿ ಕಳಿಸುತ್ತಿದ್ದೆ.